ಲೋಕಲ್ ಟ್ರೈನಿನಲ್ಲೇ ಮುಂಬೈ ನೋಡೋದು ಹೇಗೆ? ಅಜ್ಜಿ, ಮಕ್ಕಳ ಜೊತೆ ನಾಲ್ಕು ದಿನದ ಲೆಕ್ಕಾಚಾರ

ಮಕ್ಕಳ ರಜೆ ಹತ್ತಿರ ಬಂತು ಅಂದ್ರೆ ಮನೆಯಲ್ಲಿ ಮೊದಲ ಚರ್ಚೆ ಎಲ್ಲಿಗೆ ಹೋಗೋದು ಅನ್ನೋದು, ಎರಡನೇ ಚರ್ಚೆ ಗಾಡಿ ಮಾಡ್ಕೊಂಡು ಹೋಗೋಣ್ವಾ ಅನ್ನೋದು. ಗುಡ್ಡ, ಜಲಪಾತ, ದೇವಸ್ಥಾನ ಅಂತ ಸುತ್ತೋದಾದ್ರೆ ಬಾಡಿಗೆ ಗಾಡಿ ಸರಿ. ಆದರೆ ಹೋಗುವ ಜಾಗವೇ ಒಂದು ಮಹಾನಗರ ಆದ್ರೆ? ಅಲ್ಲಿ ಗಾಡಿ ಇದ್ದರೆ ಪಾರ್ಕಿಂಗ್ ಹುಡುಕೋದೇ ಪ್ರವಾಸ ಆಗಿಬಿಡುತ್ತೆ. ಅದಕ್ಕೇ ಇವತ್ತು ಒಂದು ಊರನ್ನ ಎತ್ತಿಕೊಂಡು, ಅಲ್ಲಿ ರೈಲು, ಬಸ್ಸು, ಮೆಟ್ರೋ ನಂಬಿಕೊಂಡು ಕುಟುಂಬ ಸಮೇತ ಸುತ್ತೋದಕ್ಕೆ ಹೇಗೆ ಯೋಜನೆ ಹಾಕಬೇಕು ಅಂತ ನೋಡೋಣ. ಊರು ಮುಂಬೈ.

ಮುಂಬೈ ಯಾಕೆ ಅಂದ್ರೆ, ಕಳೆದ ಡಿಸೆಂಬರ್‌ನಲ್ಲಿ ನಾವು ಐದು ಜನ ಹುಬ್ಬಳ್ಳಿಯಿಂದ ಹೋಗಿ ಬಂದಿದ್ದೇವೆ. ನಾನು, ನನ್ನ ಹೆಂಡತಿ, ಹನ್ನೆರಡು ತುಂಬಿದ ಮಗಳು, ಆರು ವರ್ಷದ ಮಗ, ಮತ್ತೆ ನಮ್ಮ ಅವ್ವ. ಅವ್ವನಿಗೆ 69 ವರ್ಷ, ಎರಡೂ ಮೊಣಕಾಲು ನೋವು. ಮುಂಬೈ ನೋಡಬೇಕು ಅನ್ನೋ ಆಸೆ ಆಕೆಗೇ ಎಲ್ಲರಿಗಿಂತ ಜಾಸ್ತಿ ಇತ್ತು. ಆದರೆ ಲೋಕಲ್ ಟ್ರೈನ್ ಅಂದ ಕೂಡಲೇ "ಟಿವ್ಯಾಗ ನೋಡೀನಿ ನಾ, ಆ ಗದ್ದಲದಾಗ ನನ್ನ ಕೈಲೆ ಆಗೂದಿಲ್ಲಪಾ, ನೀವ ಹೋಗಿ ಬರ್ರಿ" ಅಂದಳು. ಹಾಗಾಗಿ ನನ್ನ ಮುಂದೆ ಇದ್ದ ಪ್ರಶ್ನೆ ಮುಂಬೈಯಲ್ಲಿ ಏನೇನು ನೋಡಬೇಕು ಅನ್ನೋದಾಗಿರಲಿಲ್ಲ. ಅವ್ವನನ್ನ ಮನೆಯಲ್ಲಿ ಬಿಟ್ಟು ಹೋಗದೆ, ಆಕೆಗೆ ತೊಂದರೆಯೂ ಆಗದೆ ಆ ಊರಲ್ಲಿ ಓಡಾಡೋದು ಹೇಗೆ ಅನ್ನೋದಾಗಿತ್ತು. ಈ ಸಂಚಿಕೆ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಅವ್ವನ ಭಯ ಸುಳ್ಳಲ್ಲ ನೋಡಿ. 2017ರ ಸೆಪ್ಟೆಂಬರ್ 29ರಂದು ಆಗಿನ ಎಲ್ಫಿನ್‌ಸ್ಟನ್ ರೋಡ್, ಈಗಿನ ಪ್ರಭಾದೇವಿ ಸ್ಟೇಷನ್ನಿನ ಪಾದಚಾರಿ ಸೇತುವೆ ಮೇಲೆ ಕಾಲ್ತುಳಿತ ಆಗಿ 23 ಜನ ತೀರಿಕೊಂಡರು. ಆಗ ಸಮಯ ಬೆಳಿಗ್ಗೆ ಹತ್ತೂವರೆ ಸುಮಾರು, ಆಫೀಸಿಗೆ ಹೋಗೋರ ಹೊತ್ತು. ಇದನ್ನ ಹೆದರಿಸೋಕೆ ಹೇಳ್ತಿಲ್ಲ. ಅದೇ ಸ್ಟೇಷನ್ನು, ಅದೇ ರೈಲು ಮಧ್ಯಾಹ್ನ ಒಂದು ಗಂಟೆಗೆ ಬೇರೆಯೇ ಊರಿನ ಥರ ಇರುತ್ತೆ. ಯೋಜನೆ ಶುರುವಾಗಬೇಕಾದ್ದು ಇಲ್ಲಿಂದ.

ಮೊದಲು ಗಡಿಯಾರ, ಆಮೇಲೆ ನಕ್ಷೆ

ಮುಂಬೈ ಉದ್ದನೆಯ ಊರು. ದಕ್ಷಿಣದ ತುದಿಯಲ್ಲಿ ಹಳೇ ಕಚೇರಿಗಳ ಪ್ರದೇಶ: ಕೋಟೆ ಭಾಗ, ಚರ್ಚ್‌ಗೇಟ್, ನರಿಮನ್ ಪಾಯಿಂಟ್. ಜನ ವಾಸ ಮಾಡೋದು ಬಹುಪಾಲು ಉತ್ತರಕ್ಕೆ: ಬೋರಿವಲಿ, ವಿರಾರ್, ಠಾಣೆ, ಕಲ್ಯಾಣ. ಹೀಗಾಗಿ ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರಿಗೆ ಊರೇ ದಕ್ಷಿಣಕ್ಕೆ ಹರಿಯುತ್ತೆ, ಸಂಜೆ ಐದರಿಂದ ಎಂಟೂವರೆವರೆಗೆ ಉತ್ತರಕ್ಕೆ ವಾಪಸ್ ಹೋಗುತ್ತೆ. ನೀವು ಟಿವಿಯಲ್ಲಿ, ಸಿನಿಮಾದಲ್ಲಿ ನೋಡೋದು ಈ ಎರಡು ಹೊತ್ತಿನ ಲೋಕಲ್‌ಗಳನ್ನೇ. ಪ್ರವಾಸಿಗರು ನೋಡಬೇಕಾದ ಜಾಗಗಳೂ ಹೆಚ್ಚಾಗಿ ದಕ್ಷಿಣದಲ್ಲೇ ಇರೋದ್ರಿಂದ, ಯೋಚನೆ ಮಾಡದೆ ಹೊರಟ್ರೆ ಬೆಳಿಗ್ಗೆ ಒಂಬತ್ತಕ್ಕೆ ದಕ್ಷಿಣದ ರೈಲಲ್ಲೂ ಸಂಜೆ ಆರಕ್ಕೆ ಉತ್ತರದ ರೈಲಲ್ಲೂ ಸಿಕ್ಕಿಹಾಕಿಕೊಳ್ತೀರಿ. ಆಫೀಸಿಗೆ ಹೋಗೋರಿಗೆ ಬೇರೆ ದಾರಿ ಇಲ್ಲ. ರಜೆಗೆ ಬಂದ ನಮಗೇನು ಕಷ್ಟ?

ಹಾಗಾಗಿ ನಾವು ಹಾಕಿಕೊಂಡ ನಿಯಮ ಇಷ್ಟೇ. ಬೆಳಿಗ್ಗೆ ಹೊರಡೋದು ಏಳೂವರೆ ಒಳಗೆ, ಇಲ್ಲವಾದರೆ ಹನ್ನೊಂದರ ನಂತರ. ವಾಪಸ್ ಬರೋದು ನಾಲ್ಕೂವರೆ ಒಳಗೆ, ಇಲ್ಲವಾದರೆ ರಾತ್ರಿ ಒಂಬತ್ತರ ಮೇಲೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ಆರರ ಸುಮಾರಿಗೆ. ಮರೀನ್ ಡ್ರೈವ್‌ನಲ್ಲಿ ಸೂರ್ಯಾಸ್ತ ನೋಡಿ ಆರೂವರೆಗೆ ರೈಲು ಹತ್ತೋದು ಅಂದ್ರೆ ಮಕ್ಕಳನ್ನ ಕಟ್ಟಿಕೊಂಡು ಜಾತ್ರೆಯಲ್ಲಿ ತೇರು ಎಳೆದಂಗೆ. ಅದರ ಬದಲು ಕಟ್ಟೆ ಮೇಲೆ ಕೂತು ದೀಪ ಹತ್ತೋದನ್ನ ನೋಡಿ, ಚರ್ಚ್‌ಗೇಟ್ ಹತ್ತಿರ ಊಟ ಮುಗಿಸಿ, ಒಂಬತ್ತಕ್ಕೆ ಆರಾಮಾಗಿ ಕೂತು ಬಂದ್ವಿ. ಸಣ್ಣವನಿಗೆ ನಿದ್ದೆ ಬಂದಿತ್ತು, ಅದೊಂದು ಬಿಟ್ಟರೆ ತೊಂದರೆ ಇಲ್ಲ.

ಎಲ್ಲಿ ಇಳಿಯಬೇಕು, ಎಲ್ಲಿ ಉಳಿಯಬೇಕು

ಕರ್ನಾಟಕದಿಂದ ಮುಂಬೈಗೆ ಹೋಗುವ ರೈಲುಗಳೆಲ್ಲ ಒಂದೇ ಜಾಗಕ್ಕೆ ಹೋಗಲ್ಲ. ಬೆಂಗಳೂರಿನಿಂದ ಕಲಬುರಗಿ, ಸೊಲ್ಲಾಪುರ ಮೇಲೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ಗೆ, ಅಂದ್ರೆ ಸಿಎಸ್‌ಎಂಟಿಗೆ ಹೋಗುತ್ತೆ. ಮಂಗಳೂರಿನ ಮತ್ಸ್ಯಗಂಧ ಕುರ್ಲಾ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಚಾಲುಕ್ಯ, ಶರಾವತಿ ರೈಲುಗಳು ಹುಬ್ಬಳ್ಳಿ, ಬೆಳಗಾವಿ ದಾರಿಯಲ್ಲಿ ದಾದರ್‌ಗೆ. ಟಿಕೆಟ್ ಮಾಡುವಾಗ ಬರೀ 'ಮುಂಬೈ' ಅಂತ ನೋಡಿ ಬುಕ್ ಮಾಡೋರು ಬಹಳ. ನಸುಕಿನಲ್ಲಿ ಬ್ಯಾಗು, ಮಕ್ಕಳು, ವಯಸ್ಸಾದವರ ಜೊತೆ ಇಳಿದ ಮೇಲೆ ಮುಂದಿನ ಐದು ಕಿಲೋಮೀಟರೇ ಇಡೀ ಪ್ರಯಾಣಕ್ಕಿಂತ ದೊಡ್ಡದು. ಹಾಗಾಗಿ ರೈಲು ಎಲ್ಲಿ ನಿಲ್ಲುತ್ತೋ ಅಲ್ಲಿಗೆ ಹತ್ತಿರ ರೂಮು ಮಾಡಿ, ಇಲ್ಲವೇ ರೂಮಿಗೆ ಹತ್ತಿರ ನಿಲ್ಲುವ ರೈಲು ಹಿಡಿಯಿರಿ.

ನಾವು ಉಳಿದದ್ದು ದಾದರ್ ಮತ್ತು ಮಾಟುಂಗಾ ನಡುವೆ. ಗೇಟ್‌ವೇ ಹತ್ತಿರವೇ ಉಳಿಬೇಕು ಅಂತ ಎಲ್ಲರೂ ಹೇಳ್ತಾರೆ, ಆದರೆ ಅಲ್ಲಿನ ರೂಮಿನ ಬಾಡಿಗೆ ಐದು ಜನರ ಕುಟುಂಬಕ್ಕೆ ಸಹಿಸೋದು ಕಷ್ಟ. ದಾದರ್‌ನ ಗುಣ ಏನಂದ್ರೆ ಪಶ್ಚಿಮ ರೈಲ್ವೆ, ಮಧ್ಯ ರೈಲ್ವೆ ಎರಡೂ ಮಾರ್ಗ ಅಲ್ಲಿ ಕೂಡುತ್ತವೆ, ಎರಡರ ಫಾಸ್ಟ್ ಗಾಡಿಗಳೂ ನಿಲ್ಲುತ್ತವೆ. ಮೊದಲು ಎರಡು ಕಡೆಗೂ ಒಂದನೇ ನಂಬರ್, ಎರಡನೇ ನಂಬರ್ ಪ್ಲಾಟ್‌ಫಾರ್ಮ್ ಅಂತ ಇದ್ದು ಹೊಸಬರು ದಿಕ್ಕೆಡುತ್ತಿದ್ದರು. 2023ರ ಡಿಸೆಂಬರ್‌ನಲ್ಲಿ ಅದನ್ನ ಸರಿ ಮಾಡಿ ಒಂದರಿಂದ ಹದಿನಾಲ್ಕರವರೆಗೆ ಒಂದೇ ಸಾಲಿನ ನಂಬರ್ ಕೊಟ್ಟರು. ಒಂದರಿಂದ ಏಳು ಪಶ್ಚಿಮ, ಎಂಟರಿಂದ ಹದಿನಾಲ್ಕು ಮಧ್ಯ. ಇದೊಂದು ನೆನಪಿಟ್ಟುಕೊಂಡರೆ ಸಾಕು.

ಮಾಟುಂಗಾ ಅಂತ ಹೇಳಿದ್ನಲ್ಲ, ಅಲ್ಲೊಂದು ಎಚ್ಚರಿಕೆ. ಮಾಟುಂಗಾ ಅನ್ನೋದು ಮಧ್ಯ ರೈಲ್ವೆಯ ಸ್ಟೇಷನ್, ಮಾಟುಂಗಾ ರೋಡ್ ಅನ್ನೋದು ಪಶ್ಚಿಮ ರೈಲ್ವೆಯದ್ದು. ಎರಡೂ ಬೇರೆ ಬೇರೆ. ಎರಡರಲ್ಲೂ ಫಾಸ್ಟ್ ಗಾಡಿ ನಿಲ್ಲಲ್ಲ. ಹೋಟೆಲಿನವರು ಫೋನಿನಲ್ಲಿ "ಮಾಟುಂಗಾ ಸ್ಟೇಷನ್ ಪಕ್ಕದಲ್ಲೇ" ಅಂದ್ರೆ ಪೂರ್ವವೋ ಪಶ್ಚಿಮವೋ ಅಂತ ಕೇಳಿಬಿಡಿ. ಮುಂಬೈಯಲ್ಲಿ ವಿಳಾಸ ಅಂದ್ರೇನೇ ರೈಲು ಹಳಿಯ ಯಾವ ಬದಿ ಅನ್ನೋದು. ಹಳಿ ದಾಟೋದಕ್ಕೆ ಬ್ರಿಜ್ಜೇ ಗತಿ, ಬ್ರಿಜ್ಜು ಅಂದ್ರೆ ಮೆಟ್ಟಿಲು.

ಮೆಟ್ಟಿಲು ಲೆಕ್ಕ

ವಯಸ್ಸಾದವರಿಗೆ ರೈಲಿನ ಗದ್ದಲಕ್ಕಿಂತ ದೊಡ್ಡ ತೊಂದರೆ ಈ ಬ್ರಿಜ್ಜುಗಳು. ಗದ್ದಲವನ್ನ ಗಡಿಯಾರ ನೋಡಿ ತಪ್ಪಿಸಬಹುದು, ಮೆಟ್ಟಿಲನ್ನ ತಪ್ಪಿಸೋಕೆ ನಕ್ಷೆ ಬೇಕು. ಡಾಕ್ಟರು ಅವ್ವನಿಗೆ ನಡೆಯೋಕೆ ಅಡ್ಡಿಯಿಲ್ಲ, ಏರಿ ಇಳಿಯೋದು ಕಮ್ಮಿ ಮಾಡಿ ಅಂದಿದ್ದರು. ಹೊರಡೋ ಮೊದಲು ಪ್ರತಿ ದಿನದ ಓಡಾಟಕ್ಕೂ ಎಷ್ಟು ಸಲ ಬ್ರಿಜ್ ಹತ್ತಬೇಕಾಗುತ್ತೆ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ನನ್ನ ಮಗಳು ಅದಕ್ಕೆ "ಅಜ್ಜಿಯ ಬಜೆಟ್" ಅಂತ ಹೆಸರಿಟ್ಟಳು. ದಿನಕ್ಕೆ ಎರಡೇ ಸಲ, ಅದಕ್ಕಿಂತ ಜಾಸ್ತಿ ಖರ್ಚಿಲ್ಲ.

ಇಲ್ಲಿ ಮುಂಬೈ ರೈಲಿನ ಒಂದು ಅನುಕೂಲ ಇದೆ, ಬಹಳ ಜನ ಗಮನಿಸಲ್ಲ. ಸಿಎಸ್‌ಎಂಟಿ ಮತ್ತು ಚರ್ಚ್‌ಗೇಟ್ ಎರಡೂ ಕೊನೆಯ ಸ್ಟೇಷನ್‌ಗಳು, ಹಳಿ ಅಲ್ಲಿಗೇ ಮುಗಿಯುತ್ತೆ. ಹಾಗಾಗಿ ಲೋಕಲ್ ಇಳಿದು ಪ್ಲಾಟ್‌ಫಾರ್ಮಿನ ಮೇಲೆ ನೇರ ನಡೆದ್ರೆ ಸ್ಟೇಷನ್ನಿನ ಬಾಗಿಲಿಗೇ ಬರ್ತೀರಿ, ಬ್ರಿಜ್ ಹತ್ತುವ ಪ್ರಮೇಯವೇ ಇಲ್ಲ. ಎರಡನೇ ಅನುಕೂಲ, ಗಾಡಿ ಅಲ್ಲಿಂದಲೇ ಹೊರಡೋದು. ಬಂದ ಗಾಡಿ ಖಾಲಿಯಾಗುತ್ತೆ, ನೀವು ಹತ್ತಿ ಕೂತುಕೊಳ್ಳಬಹುದು. ಅಂದ್ರೆ ನಿಮ್ಮ ದಿನ ಈ ಎರಡರಲ್ಲಿ ಒಂದರಿಂದ ವಾಪಸ್ ಶುರುವಾಗೋ ಹಾಗೆ ಜೋಡಿಸಿದರೆ ಮೆಟ್ಟಿಲು ಒಂದೇ ಕಡೆ, ನಿಮ್ಮ ರೂಮಿನ ಕಡೆ ಮಾತ್ರ. ದಾದರ್‌ನಂಥ ದೊಡ್ಡ ಸ್ಟೇಷನ್‌ನಲ್ಲಿ ಎಸ್ಕಲೇಟರ್, ಲಿಫ್ಟ್ ಇವೆ. ಆದರೆ ಎಲ್ಲ ಪ್ಲಾಟ್‌ಫಾರ್ಮಿಗೂ, ಎಲ್ಲ ತುದಿಗೂ ಇರಲ್ಲ. ಮೊದಲ ದಿನ ನಾನೊಬ್ಬನೇ ಬೆಳಿಗ್ಗೆ ಹೋಗಿ ಲಿಫ್ಟ್ ಎಲ್ಲಿದೆ ನೋಡಿಕೊಂಡು ಬಂದೆ. ಹತ್ತು ನಿಮಿಷದ ಕೆಲಸ, ನಾಲ್ಕು ದಿನದ ನೆಮ್ಮದಿ.

ಈಗ ಮೆಟ್ರೋ ಕೂಡ ಇದೆ. ಮೂರನೇ ಮಾರ್ಗ, ಆಕ್ವಾ ಲೈನ್ ಅಂತಾರೆ, ಆರೆಯಿಂದ ಕಫ್ ಪರೇಡ್‌ವರೆಗೆ 33.5 ಕಿಲೋಮೀಟರ್, 27 ಸ್ಟೇಷನ್. ಬಹುತೇಕ ಎಲ್ಲ ನೆಲದೊಳಗೆ. ಮೊದಲ ಭಾಗ 2024ರ ಅಕ್ಟೋಬರ್‌ನಲ್ಲಿ ಶುರುವಾಗಿ, ಪೂರ್ತಿ ಮಾರ್ಗ 2025ರ ಅಕ್ಟೋಬರ್‌ನಲ್ಲಿ ತೆರೆಯಿತು. ಟಿಕೆಟ್ 10 ರೂಪಾಯಿಯಿಂದ 70 ರೂಪಾಯಿ. ವಿಮಾನದಲ್ಲಿ ಬರೋರಿಗೆ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗೆ ಸ್ಟೇಷನ್ ಇದೆ, ಅಲ್ಲಿಂದ ದಾದರ್, ಸಿಎಸ್‌ಎಂಟಿ, ಚರ್ಚ್‌ಗೇಟ್‌ವರೆಗೆ ಗಾಡಿ ಬದಲಿಸದೆ ಬರಬಹುದು. ಸ್ಟೇಷನ್ನಿನಲ್ಲಿ ಲಿಫ್ಟ್, ಎಸ್ಕಲೇಟರ್, ಬಾಗಿಲು ತಾನೇ ಮುಚ್ಚುತ್ತೆ. ಅವ್ವನಿಗೆ ಮೆಟ್ರೋ ಬಹಳ ಹಿಡಿಸಿತು. ಮಕ್ಕಳಿಗೆ ಮಾತ್ರ ಹಿಡಿಸಲಿಲ್ಲ, "ಕಿಟಕಿ ಆಚೆ ಏನೂ ಕಾಣಲ್ಲ" ಅಂತ ಅವರ ತಕರಾರು. ನನಗೂ ಅವರ ಮಾತೇ ಸರಿ ಅನ್ನಿಸುತ್ತೆ. ಮುಂಬೈಗೆ ಹೋಗಿ ಲೋಕಲ್ ಕಿಟಕಿಯಿಂದ ಊರು ನೋಡದೆ ಬಂದ್ರೆ ಏನು ನೋಡಿದಂಗಾಯ್ತು? ಮೆಟ್ರೋವನ್ನ ಗದ್ದಲದ ಹೊತ್ತಿಗೆ, ದಣಿವಾದ ದಿನಕ್ಕೆ ಇಟ್ಟುಕೊಳ್ಳಿ.

ಹತ್ತೋದು, ಇಳಿಯೋದು

ಲೋಕಲ್ ಒಂದು ಸ್ಟೇಷನ್ನಿನಲ್ಲಿ ನಿಲ್ಲೋದು ಅರ್ಧ ನಿಮಿಷವೂ ಇಲ್ಲ. ಹಾಗಾಗಿ ಐದು ಜನರಿಗೆ ಮೊದಲೇ ಒಪ್ಪಿಕೊಂಡ ಕ್ರಮ ಬೇಕು. ನಮ್ಮದು ಹೀಗಿತ್ತು. ಹತ್ತುವಾಗ ಮಗಳು ಮುಂದೆ, ಆಮೇಲೆ ಅವ್ವ, ಮಗನ ಕೈ ಹಿಡಿದ ಹೆಂಡತಿ, ಕೊನೆಗೆ ನಾನು. ಇಳಿಯುವಾಗ ನಾನು ಮೊದಲು. ಇಳಿಯುವ ಸ್ಟೇಷನ್‌ಗೆ ಎರಡು ಸ್ಟೇಷನ್ ಮುಂಚೆಯೇ ಎದ್ದು ಬಾಗಿಲ ಕಡೆ ಹೋಗಬೇಕು, ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತೆ ಅಂತ ಪಕ್ಕದವರನ್ನ ಕೇಳಬೇಕು. ಮುಂಬೈ ಜನ ಇದನ್ನ ಬೇಜಾರಿಲ್ಲದೆ ಹೇಳ್ತಾರೆ, ಅಜ್ಜಿಯನ್ನ ನೋಡಿದರೆ ದಾರಿಯನ್ನೂ ಮಾಡಿಕೊಡ್ತಾರೆ.

ಇನ್ನೊಂದು ನಿಯಮ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದು. ಯಾರಾದರೂ ಪ್ಲಾಟ್‌ಫಾರ್ಮಿನಲ್ಲೇ ಉಳಿದುಬಿಟ್ಟರೆ ಓಡಿ ಗಾಡಿ ಹತ್ತಬಾರದು, ನಿಂತಲ್ಲೇ ನಿಲ್ಲಬೇಕು. ಗಾಡಿಯಲ್ಲಿ ಇರೋರು ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರಬೇಕು. ಕೆಲವೇ ನಿಮಿಷಕ್ಕೆ ಇನ್ನೊಂದು ಗಾಡಿ ಇದ್ದೇ ಇರುತ್ತೆ. ಆರು ವರ್ಷದವನ ಜೇಬಲ್ಲಿ ನಮ್ಮಿಬ್ಬರ ಫೋನ್ ನಂಬರ್, ಹೋಟೆಲಿನ ಹೆಸರು ಬರೆದ ಚೀಟಿ. ಚೀಟಿ ಬಳಸುವ ಸಂದರ್ಭ ಬರಲಿಲ್ಲ. ಆದರೆ ಅದು ಇದೆ ಅನ್ನೋದೇ ನನ್ನ ಹೆಂಡತಿಗೆ ಧೈರ್ಯ.

ಯಾವ ಡಬ್ಬಿ? ಹೆಂಗಸರ ಡಬ್ಬಿ ಪ್ರತಿ ಲೋಕಲ್‌ನಲ್ಲೂ ಇದೆ, ಚಿಕ್ಕ ಗಂಡುಮಕ್ಕಳನ್ನ ಅಮ್ಮನ ಜೊತೆ ಬಿಡ್ತಾರೆ. ಗದ್ದಲ ಇದ್ದಾಗ ಅವ್ವ, ಹೆಂಡತಿ, ಮಕ್ಕಳು ಅಲ್ಲಿ, ನಾನು ಪಕ್ಕದ ಜನರಲ್ ಡಬ್ಬಿಯಲ್ಲಿ. ಖಾಲಿ ಹೊತ್ತಲ್ಲಿ ಎಲ್ಲರೂ ಒಟ್ಟಿಗೆ. ಫಸ್ಟ್ ಕ್ಲಾಸ್ ಡಬ್ಬಿ ಹೊರಗಿನಿಂದ ಹೆಚ್ಚು ಕಡಿಮೆ ಹಾಗೇ ಕಾಣುತ್ತೆ, ಡಬ್ಬಿಯ ಮೇಲಿನ ಬಣ್ಣದ ಪಟ್ಟೆ ನೋಡಿ ಗುರುತು ಹಿಡೀಬೇಕು. ಸೆಕೆಂಡ್ ಕ್ಲಾಸ್ ಟಿಕೆಟ್ ಇಟ್ಟುಕೊಂಡು ಅಲ್ಲಿ ಕೂತರೆ ಟಿಸಿ ದಂಡ ಹಾಕ್ತಾರೆ, ಕನಿಷ್ಠ 250 ರೂಪಾಯಿ ಮತ್ತು ಟಿಕೆಟ್ ಹಣ. ಎಸಿ ಲೋಕಲ್‌ಗಳೂ ಇವೆ. 2017ರ ಡಿಸೆಂಬರ್ 25ಕ್ಕೆ ಮೊದಲನೆಯದು ಓಡಿದ್ದು. ಬಾಗಿಲು ಮುಚ್ಚಿಕೊಳ್ಳೋದ್ರಿಂದ ಮಕ್ಕಳಿರೋರಿಗೆ ಒಳ್ಳೇದು, ಆದರೆ ಟಿಕೆಟ್ ಬೇರೆ, ಗಾಡಿಗಳ ಸಂಖ್ಯೆಯೂ ಕಮ್ಮಿ. ಅದನ್ನೇ ಕಾಯುತ್ತಾ ಕೂರೋದು ಬೇಡ.

ಇಂಡಿಕೇಟರ್ ಓದೋದು ಮಗಳ ಕೆಲಸ. ಕೊನೆಯ ಸ್ಟೇಷನ್ ಯಾವುದು, ಎಷ್ಟು ಗಂಟೆಗೆ, 'ಎಸ್' ಅಂದ್ರೆ ಸ್ಲೋ, 'ಎಫ್' ಅಂದ್ರೆ ಫಾಸ್ಟ್, 12 ಡಬ್ಬಿಯೋ 15 ಡಬ್ಬಿಯೋ. ಎರಡು ಸಲ ನೋಡಿದ ಮೇಲೆ ಆಕೆ ನನಗೇ ಹೇಳಿಕೊಡೋಕೆ ಶುರು ಮಾಡಿದಳು. ಕುಟುಂಬದ ಜೊತೆ ಇದ್ದಾಗ ನನ್ನ ಮತ ಯಾವಾಗಲೂ ಸ್ಲೋ ಗಾಡಿಗೇ. ದಾದರ್‌ನಿಂದ ಸಿಎಸ್‌ಎಂಟಿಗೆ ಉಳಿಯೋದು ಐದಾರು ನಿಮಿಷ. ಅದಕ್ಕೋಸ್ಕರ ಕಲ್ಯಾಣದಿಂದ ತುಂಬಿಕೊಂಡು ಬಂದ ಫಾಸ್ಟ್ ಗಾಡಿ ಯಾಕೆ ಹತ್ತಬೇಕು?

ದುಡ್ಡಿನ ಮಾತು

ಇದನ್ನ ಕೇಳಿದರೆ ನಗು ಬರುತ್ತೆ. ದಾದರ್‌ನಿಂದ ಸಿಎಸ್‌ಎಂಟಿ ಸುಮಾರು ಒಂಬತ್ತು ಕಿಲೋಮೀಟರ್, ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿ. ಐದು ಜನಕ್ಕೆ ಹೆಚ್ಚೆಂದರೆ 25. ಇದೇ ದೂರಕ್ಕೆ ಕಾಲಿ ಪೀಲಿ ಟ್ಯಾಕ್ಸಿ ಮೀಟರ್ 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ, ಒಟ್ಟು ಇನ್ನೂರರ ಆಸುಪಾಸು. ಟ್ಯಾಕ್ಸಿಗೆ ನಾಲ್ಕೇ ಜನ, ನಾವು ಐದು. ಅಂದ್ರೆ ಎರಡು ಟ್ಯಾಕ್ಸಿ. ಆಟೋ ಅಂತೀರಾ, ದಕ್ಷಿಣ ಮುಂಬೈಗೆ ಆಟೋ ಬರಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯಾನ್, ಅಲ್ಲಿಗೇ ಅವುಗಳ ಗಡಿ.

ಸಣ್ಣ ದೂರಕ್ಕೆ ಬೆಸ್ಟ್ ಬಸ್ಸು ಒಳ್ಳೇದು. 2025ರ ಮೇ ತಿಂಗಳಲ್ಲಿ ದರ ಏರಿಸಿದ ಮೇಲೆ ಕನಿಷ್ಠ 10 ರೂಪಾಯಿ, ಎಸಿ ಬಸ್ಸಿಗೆ 12. ಬಸ್ಸಿನ ಮುಂದಿನ ಬೋರ್ಡಿನಲ್ಲಿ ನಂಬರು ದೇವನಾಗರಿ ಅಂಕಿಯಲ್ಲಿ ಇರುತ್ತೆ. ನಮಗೆ ತಟ್ಟನೆ ಹೊಳೆಯಲ್ಲ, ಹಿಂದಿ ಪಾಠ ಓದುವ ಮಕ್ಕಳನ್ನ ಮುಂದೆ ನಿಲ್ಲಿಸಿ, ಓದಿ ಹೇಳ್ತಾರೆ. ಹಳೇ ಡಬಲ್ ಡೆಕ್ಕರ್‌ಗಳು 2023ರ ಸೆಪ್ಟೆಂಬರ್‌ಗೆ ನಿಂತು ಹೋದವು, ಅವುಗಳ ಜಾಗಕ್ಕೆ ಎಲೆಕ್ಟ್ರಿಕ್ ಎಸಿ ಡಬಲ್ ಡೆಕ್ಕರ್ ಬಂದಿವೆ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕರೆ ನನ್ನ ಮಗನ ಪ್ರಕಾರ ಪ್ರವಾಸ ಅಲ್ಲಿಗೆ ಮುಗಿದಂತೆ.

ಲೋಕಲ್ ಟಿಕೆಟನ್ನ ಮೊಬೈಲಿನಲ್ಲೇ ಮಾಡಿಕೊಳ್ಳಬಹುದು, 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್. ಸ್ಟೇಷನ್ನಿಗೆ ಹೋಗೋ ಮೊದಲೇ ಮಾಡಿ. ಒಂದು, ಮೂರು, ಐದು ದಿನದ ಪ್ರವಾಸಿ ಟಿಕೆಟ್ಟೂ ಇದೆ. ಐದು ರೂಪಾಯಿಯ ಓಡಾಟಕ್ಕೆ ಅದರಿಂದ ದುಡ್ಡು ಉಳಿಯುತ್ತೆ ಅಂತ ನನಗೆ ಅನ್ನಿಸಲ್ಲ. ಆದರೆ ಫೋನಿನಲ್ಲಿ ಟಿಕೆಟ್ ಮಾಡೋದು ಬೇಡ ಅನ್ನೋರಿಗೆ ಕ್ಯೂ ತಪ್ಪುತ್ತೆ.

ಯಾವ ದಿನ ಎಲ್ಲಿಗೆ

ಇಲ್ಲಿ ವಾರದ ರಜೆಗಳ ಲೆಕ್ಕ ಬರುತ್ತೆ. ಎಲಿಫೆಂಟಾ ಗುಹೆಗಳಿಗೆ ಸೋಮವಾರ ರಜೆ. ಬೈಕಲಾದ ಪ್ರಾಣಿ ಸಂಗ್ರಹಾಲಯ, ರಾಣಿ ಬಾಗ್ ಅಂತಾರಲ್ಲ, ಅದಕ್ಕೆ ಬುಧವಾರ ರಜೆ. ಭಾನುವಾರ ಎಲ್ಲ ತೆರೆದಿರುತ್ತೆ, ಆದರೆ ರೈಲು ಸರಿ ಇರಲ್ಲ. ಹಳಿ, ತಂತಿ ದುರಸ್ತಿಗೆ ಭಾನುವಾರ ಹಗಲು ಕೆಲವು ಗಂಟೆ ಮಾರ್ಗ ಮುಚ್ತಾರೆ. ಮಧ್ಯ ರೈಲ್ವೆಯವರು ಅದಕ್ಕೆ ಮೆಗಾ ಬ್ಲಾಕ್ ಅಂತಾರೆ, ಪಶ್ಚಿಮದವರು ಜಂಬೋ ಬ್ಲಾಕ್ ಅಂತಾರೆ. ಹಿಂದಿನ ದಿನದ ಪೇಪರಿನಲ್ಲಿ ವಿವರ ಬರುತ್ತೆ. ನಾವು ಗುರುವಾರ ನಸುಕಿನಲ್ಲಿ ಹೋಗಿ ಭಾನುವಾರ ಹೊರಡೋ ಹಾಗೆ ಯೋಜಿಸಿದ್ದು ಇದಕ್ಕೇ.

ಗುರುವಾರ ಸ್ನಾನ, ನಿದ್ದೆ ಮುಗಿಸಿ ಹನ್ನೊಂದೂವರೆಗೆ ಬೈಕಲಾ. ದಾದರ್‌ನಿಂದ ನಾಲ್ಕನೇ ಸ್ಟೇಷನ್, ಪ್ರಾಣಿ ಸಂಗ್ರಹಾಲಯ ಪೂರ್ವ ಬದಿಗೆ, ನಡೆದೇ ಹೋಗಬಹುದು. ಮಕ್ಕಳು ಪೆಂಗ್ವಿನ್ ನೋಡಿದರು, ಅವ್ವ ಮರದ ನೆರಳಲ್ಲಿ ಕೂತಳು. ಬೈಕಲಾ ಸ್ಟೇಷನ್ನೂ ನೋಡುವಂಥದ್ದೇ. ಬಹಳ ಹಳೇ ಕಟ್ಟಡ, ಚೆನ್ನಾಗಿ ದುರಸ್ತಿ ಮಾಡಿದ್ದಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂದಿದೆ. ನಾಲ್ಕಕ್ಕೆ ಗಾಡಿ ಹತ್ತಿ ವಾಪಸ್.

ಶುಕ್ರವಾರದ್ದು ಕಷ್ಟದ ದಿನ. ಎಲಿಫೆಂಟಾಗೆ ಗೇಟ್‌ವೇಯಿಂದ ದೋಣಿ ಸುಮಾರು ಒಂದು ಗಂಟೆ. ಹತ್ತುವಾಗ ಒದ್ದೆ ಮೆಟ್ಟಿಲು, ಅಲುಗಾಡುವ ದೋಣಿ. ಆಚೆ ಇಳಿದ ಮೇಲೆ ಜೆಟ್ಟಿಯಿಂದ ಸ್ವಲ್ಪ ದೂರ ಪುಟಾಣಿ ರೈಲು ಇದೆ, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಡೋಲಿಯವರು ಸಿಗ್ತಾರೆ, ಆದರೆ ಅವ್ವ "ಮಂದಿ ಹೆಗಲ ಮ್ಯಾಲೆ ಕುಂತು ದೇವರ ನೋಡೂದು ಬ್ಯಾಡ" ಅಂದಳು. ಹೀಗಾಗಿ ಎರಡು ತಂಡ. ನಾನು, ಮಗಳು ದೋಣಿಗೆ. ಉಳಿದ ಮೂವರು ಗೇಟ್‌ವೇಯಿಂದ ಹತ್ತು ನಿಮಿಷದ ದಾರಿಯಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ, ಹಳಬರು ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಅಂತಾರೆ. ಎಲ್ಲರೂ ಎಲ್ಲ ಕಡೆ ಒಟ್ಟಿಗೇ ಹೋಗಬೇಕು ಅನ್ನೋ ಹಟ ಬಿಟ್ಟರೆ ಅರ್ಧ ಜಗಳ ಕಮ್ಮಿ. ಬೆಳಿಗ್ಗೆ ಏಳೂವರೆಗೆ ಹೊರಟಿದ್ದರಿಂದ ಮೊದಲು ಸಿಎಸ್‌ಎಂಟಿ ಕಟ್ಟಡದ ಎದುರು ನಿಂತು ಕಣ್ತುಂಬ ನೋಡೋಕೆ ಸಮಯ ಸಿಕ್ಕಿತು. ಎಫ್. ಡಬ್ಲ್ಯೂ. ಸ್ಟೀವನ್ಸ್ ವಿನ್ಯಾಸ, 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ನಡೆದದ್ದು, 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕ ರೈಲು ಠಾಣೆಗೆ ಹೊರಟದ್ದು ಇಲ್ಲೇ ಇದ್ದ ಬೋರಿ ಬಂದರ್‌ನಿಂದ. ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಕುರ್ಲಾಗೆ ಹೋದದ್ದೂ ಇಲ್ಲಿಂದಲೇ.

ಶನಿವಾರ ಮೆಟ್ರೋದಲ್ಲಿ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ, ಅದರ ಹತ್ತಿರವೇ ಸೈನ್ಸ್ ಸೆಂಟರ್ ಅಂತ ಸ್ಟೇಷನ್ ಇದೆ. ಅಲ್ಲಿಂದ ಮತ್ತೆ ಮೆಟ್ರೋ ಹಿಡಿದು ಚರ್ಚ್‌ಗೇಟ್, ಸಂಜೆ ಮರೀನ್ ಡ್ರೈವ್. ಆಗಲೇ ಹೇಳಿದ್ನಲ್ಲ, ಒಂಬತ್ತರ ರೈಲು. ಅವ್ವ ಅವತ್ತು ಸಮುದ್ರದ ಕಡೆ ಮುಖ ಮಾಡಿ ಎರಡು ತಾಸು ಕೂತಳು, ಮಾತಾಡಲೇ ಇಲ್ಲ.

ಭಾನುವಾರ ರೈಲಿನ ಸಹವಾಸವೇ ಬೇಡ ಅಂತ ಮಾಟುಂಗಾ ಕಾಲ್ನಡಿಗೆ. ಹೂವಿನ ಅಂಗಡಿ, ಬಾಳೆಲೆ, ತಮಿಳು, ತುಳು, ಕೊಂಕಣಿ, ನಡುವೆ ನಮ್ಮ ಕನ್ನಡ. ಮೈಸೂರು ಅಸೋಸಿಯೇಷನ್ ಇರೋದೂ ಇಲ್ಲೇ. ಸ್ಟೇಷನ್ ಎದುರಿನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದ್ದು, ಬಾಳೆಲೆ ಊಟಕ್ಕೆ ಜನ ಸಾಲಿನಲ್ಲಿ ಕಾಯ್ತಾರೆ. ನಾಲ್ಕು ದಿನ ಹಿಂದಿ, ಮರಾಠಿ ಕೇಳಿದ್ದ ಅವ್ವ ಬಡಿಸೋರು ಕನ್ನಡದಲ್ಲಿ "ಇನ್ನೊಂಚೂರು ಅನ್ನ ಹಾಕ್ಲಾ ಅಮ್ಮ" ಅಂದದ್ದಕ್ಕೆ ಎರಡು ಸಲ ಹಾಕಿಸಿಕೊಂಡಳು.

ಬುಕಿಂಗ್ ಬಗ್ಗೆ ಕೆಲವು ಮಾತು

ದೂರದ ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ಸಿಗುತ್ತೆ. 2024ರ ನವೆಂಬರ್‌ಗೆ ಮುಂಚೆ 120 ದಿನ ಇತ್ತು. ದಸರಾ, ಡಿಸೆಂಬರ್ ರಜೆಗಾದರೆ ಅರವತ್ತನೇ ದಿನವೇ ಕೂತು ಮಾಡಿ. ಐದು ತುಂಬದ ಮಗುವಿಗೆ ಬರ್ತ್ ಬೇಡ ಅಂದ್ರೆ ಟಿಕೆಟ್ ಬೇಡ, ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಡ ಅಂದ್ರೆ ಅರ್ಧ, ಬೇಕು ಅಂದ್ರೆ ಪೂರ್ತಿ ದರ. ಹಿರಿಯರಿಗೆ ಮೊದಲಿದ್ದ ರಿಯಾಯಿತಿ 2020ರಿಂದ ಇಲ್ಲ, ಆದರೆ ಕೆಳಗಿನ ಬರ್ತ್‌ನ ಕೋಟಾ ಇದೆ. 60 ದಾಟಿದ ಗಂಡಸರು, 45 ದಾಟಿದ ಹೆಂಗಸರಿಗೆ. ಅದು ಒಂದು ಟಿಕೆಟಿನಲ್ಲಿ ಒಬ್ಬರು ಅಥವಾ ಇಬ್ಬರು, ಅದೂ ಆ ವಯಸ್ಸಿನವರೇ ಇದ್ದಾಗ ಸಿಗೋದು. ಐದು ಜನರದ್ದೂ ಒಂದೇ ಟಿಕೆಟ್ ಮಾಡಿದರೆ ಸಿಗಲ್ಲ. ಅವ್ವನದ್ದು ಬೇರೆ ಟಿಕೆಟ್ ಮಾಡಿ, ಬೇರೆ ಡಬ್ಬಿ ಬಂದರೆ ನಾನು ಅಲ್ಲಿಗೆ ಹೋಗಿ ಪಕ್ಕದವರ ಜೊತೆ ಸೀಟು ಬದಲಿಸಿಕೊಳ್ಳೋದು ಅಂತ ತೀರ್ಮಾನ ಮಾಡಿಕೊಂಡಿದ್ದೆ.

ಸಾಮಾನು ಆದಷ್ಟು ಕಮ್ಮಿ ಇರಲಿ, ಒಬ್ಬೊಬ್ಬರಿಗೆ ಒಂದೇ ಬೆನ್ನಿನ ಚೀಲ. ಎರಡು ಕೈ ಖಾಲಿ ಇದ್ದರೇನೇ ಮಗುವಿನ ಕೈ, ಅಜ್ಜಿಯ ಕೈ ಹಿಡಿಯೋಕಾಗೋದು. ರೂಮು ಖಾಲಿ ಮಾಡಿದ ಮೇಲೆ ಸಮಯ ಇದ್ದರೆ ಸಿಎಸ್‌ಎಂಟಿಯಂಥ ದೊಡ್ಡ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡಬಹುದು, ಬೀಗ ಹಾಕಿದ ಚೀಲ ಮಾತ್ರ ತಗೋತಾರೆ. ಲೋಕಲ್‌ನಲ್ಲಿ ಶೌಚಾಲಯ ಇಲ್ಲ, ಮಕ್ಕಳನ್ನ ಹೊರಡೋ ಮುಂಚೆಯೇ ಕಳಿಸಿ. ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಈ ಯೋಜನೆ ಹಾಕಬೇಡಿ. ಸಯಾನ್, ಕುರ್ಲಾ ಕಡೆ ಹಳಿ ಮೇಲೆ ನೀರು ನಿಂತರೆ ಗಾಡಿ ನಿಲ್ಲುತ್ತೆ, ಸಮುದ್ರ ಜೋರಿದ್ದರೆ ದೋಣಿಯೂ ನಿಲ್ಲುತ್ತೆ.

ಮನೆಗೆ ಬಂದ ಮೇಲೆ ಅವ್ವ ಅಕ್ಕಪಕ್ಕದವರಿಗೆ ಫಾಸ್ಟು, ಸ್ಲೋ ಅಂದ್ರೇನು ಅಂತ ವಿವರಿಸ್ತಾ ಕೂತಿದ್ದಳು. ನಿಮ್ಮ ಮನೆಯವರ ಜೊತೆ ನೀವು ಯಾವ ಊರಿಗೆ ಬಸ್ಸು, ರೈಲಿನಲ್ಲಿ ಹೋಗಬೇಕು ಅಂತಿದ್ದೀರಿ, ಬರೆದು ತಿಳಿಸಿ.